ಕೋಡ್‌ನಿಂದ ಚಿತ್ರ: ಪೆನ್ಸಿಲ್ ಮೊದಲು, ಟೂಲ್ ಆಮೇಲೆ

ಕೋಡ್ ಬರೆದು ಮುಗಿದ ಮೇಲೆ ಡಿಸೈನ್ ಡಯಾಗ್ರಾಂ, ಅಂದರೆ ಸಾಫ್ಟ್‌ವೇರ್‌ನ ಭಾಗಗಳನ್ನೂ ಅವುಗಳ ಸಂಬಂಧಗಳನ್ನೂ ತೋರಿಸುವ ಚಿತ್ರ, ಬೇಕಾಗುವುದು ನಮ್ಮ ಭಾಗದಲ್ಲಿ ಮುಖ್ಯವಾಗಿ ಎರಡು ಕಡೆ. ಒಂದು, ಬೆಳಗಾವಿಯ ವಿಟಿಯು ಅಡಿಯಲ್ಲಿರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್‌ಗೆ ಹೋಗುವ ಮುಂಚೆ. ಇನ್ನೊಂದು, ವರ್ಷಗಟ್ಟಲೆ ಓಡಿರುವ ಸಾಫ್ಟ್‌ವೇರನ್ನು ಹೊಸಬರ ಕೈಗೆ ಒಪ್ಪಿಸುವಾಗ: ಬೆಳಗಾವಿ ಉದ್ಯಮಬಾಗದ ಫೌಂಡ್ರಿಯ ಸ್ಟಾಕ್ ಲೆಕ್ಕ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲಿಂಗ್, ವಿಜಯಪುರದ ಪತ್ತಿನ ಸಂಘದ ಠೇವಣಿ ಖಾತೆ. ಬರೆದವರು ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾರೆ, ಉಳಿದಿರುವುದು ಕೋಡ್ ಮಾತ್ರ. ಎರಡೂ ಕಡೆ ಕೇಳುವುದು ಒಂದೇ: ಕೋಡ್ ಕೊಟ್ಟರೆ ತಾನೇ ಚಿತ್ರ ಬರೆದುಕೊಡುವ ಟೂಲ್ ಇದೆಯೇ?

ಬೇಕಾದಷ್ಟಿವೆ, ಹೆಚ್ಚಿನವು ಉಚಿತ. ಆದರೆ ಟೂಲ್ ಓಡಿಸುವ ಮೊದಲು ಒಂದು ಹಾಳೆ ತೆಗೆದುಕೊಂಡು, ಈ ಸಾಫ್ಟ್‌ವೇರ್ ಹೀಗಿರಬೇಕು ಎಂದು ನಿಮಗೆ ಅನಿಸಿದ್ದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಆರೇಳು ಪೆಟ್ಟಿಗೆ, ನಡುವೆ ಬಾಣಗಳು, ಅಷ್ಟು ಸಾಕು. ಆ ಹಾಳೆ ಇಲ್ಲದೆ ಟೂಲ್ ಕೊಟ್ಟ ಚಿತ್ರವನ್ನು ಎದುರಿಗಿಟ್ಟುಕೊಂಡವರು ಸಾಮಾನ್ಯವಾಗಿ ಹತ್ತು ನಿಮಿಷ ಹಿಗ್ಗಿಸಿ ಕುಗ್ಗಿಸಿ ನೋಡಿ ಮುಚ್ಚಿಡುತ್ತಾರೆ. ಏಕೆಂದರೆ ಟೂಲ್ ತೋರಿಸುವುದು ಏನು ಬರೆದಿದೆ ಎನ್ನುವುದನ್ನು. ಏನು ಬರೆಯಬೇಕೆಂದಿದ್ದರು ಎನ್ನುವುದು ಅದಕ್ಕೆ ಗೊತ್ತಿಲ್ಲ. ಇವೆರಡರ ನಡುವಿನ ವ್ಯತ್ಯಾಸವೇ ನಮಗೆ ಬೇಕಾದ ಮಾಹಿತಿ.

ಮೊದಲು ಟೂಲ್‌ಗಳ ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದುಕೊಂಡರೆ ತಪ್ಪು ಎಲ್ಲಿ ಆಯಿತೆಂದು ಹುಡುಕುವುದು ಸುಲಭ. ಇಂಥ ಪ್ರತಿಯೊಂದು ಟೂಲ್‌ಗೂ ಎರಡು ಭಾಗ. ಮೊದಲ ಭಾಗ ಕೋಡ್ ಓದಿ ಸಂಗತಿಗಳನ್ನು ಹೊರತೆಗೆಯುತ್ತದೆ: ಇಂಥ ಕ್ಲಾಸ್ ಇದೆ, ಅದು ಇಂಥದ್ದರಿಂದ ಇನ್‌ಹೆರಿಟ್ ಆಗಿದೆ, ಈ ಫಂಕ್ಷನ್ ಆ ಫಂಕ್ಷನ್ನನ್ನು ಕರೆಯುತ್ತದೆ. ಎರಡನೆಯ ಭಾಗ ಈ ಸಂಗತಿಗಳನ್ನು ಪೆಟ್ಟಿಗೆ ಮತ್ತು ಗೆರೆಗಳಾಗಿ ಹಾಳೆಯ ಮೇಲೆ ಜೋಡಿಸುತ್ತದೆ. ಎರಡನೆಯ ಕೆಲಸವನ್ನು ಬಹುತೇಕ ಎಲ್ಲ ಉಚಿತ ಟೂಲ್‌ಗಳೂ ಗ್ರಾಫ್‌ವಿಜ್‌ಗೆ ಬಿಟ್ಟುಕೊಡುತ್ತವೆ. ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಸಾಫ್ಟ್‌ವೇರ್‌ನ ‘ಡಾಟ್’ ಎಂಬ ಎಂಜಿನ್ ನಾಲ್ಕು ಹಂತದಲ್ಲಿ ಕೆಲಸ ಮಾಡುತ್ತದೆ: ಯಾವ ಪೆಟ್ಟಿಗೆ ಯಾವ ಸಾಲಿನಲ್ಲಿ, ಸಾಲಿನೊಳಗೆ ಯಾವ ಕ್ರಮದಲ್ಲಿ, ನಿಖರವಾಗಿ ಎಲ್ಲಿ, ಕೊನೆಗೆ ಗೆರೆಗಳ ಬಾಗು ಹೇಗೆ. ಗೆರೆಗಳು ಒಂದನ್ನೊಂದು ದಾಟುವುದನ್ನು ಕಡಿಮೆ ಮಾಡುವ ಹಂತ ಅಂದಾಜಿನ ಮೇಲೆ ನಡೆಯುತ್ತದೆ. ಅದಕ್ಕೇ ಕೋಡ್‌ನಲ್ಲಿ ಒಂದು ಸಣ್ಣ ಸಂಬಂಧ ಸೇರಿದರೂ ಕೆಲವೊಮ್ಮೆ ಇಡೀ ಚಿತ್ರ ಎಡಬಲ ಬದಲಾಗಿಬಿಡುತ್ತದೆ. ಬಾಣವೇ ಕಾಣೆಯಾಗಿದ್ದರೆ ಮೊದಲ ಭಾಗವನ್ನು ನೋಡಬೇಕು. ಬಾಣಗಳು ಸಿಕ್ಕುಸಿಕ್ಕಾಗಿದ್ದರೆ ತಪ್ಪು ಎರಡನೆಯದರದ್ದೂ ಅಲ್ಲ, ಒಂದೇ ಚಿತ್ರದಲ್ಲಿ ಎಲ್ಲವನ್ನೂ ಕೇಳಿದ ನಮ್ಮದು.

ಗ್ರಾಫ್‌ವಿಜ್ ಹಾಕಿಕೊಳ್ಳುವಲ್ಲೇ ಬಹಳ ಜನ ನಿಂತುಬಿಡುತ್ತಾರೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಸಿಸ್ಟಂ ಪಾಥ್‌ಗೆ (ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸಬೇಕೇ ಎಂದು ಕೇಳುತ್ತದೆ, ಬೇಡ ಎಂಬ ಉತ್ತರ ಮೊದಲೇ ಆಯ್ಕೆಯಾಗಿರುತ್ತದೆ. ಅದನ್ನು ಬದಲಿಸದೆ ಮುಂದೆ ಹೋದರೆ ಬೇರೆ ಟೂಲ್‌ಗಳಿಗೆ ಡಾಟ್ ಸಿಗುವುದಿಲ್ಲ, ಖಾಲಿ ಚಿತ್ರವೋ ದೋಷದ ಸಂದೇಶವೋ ಬರುತ್ತದೆ. ಪಠ್ಯವಾಗಿ ಬರೆದದ್ದನ್ನು ಚಿತ್ರ ಮಾಡುವ ಪ್ಲಾಂಟ್‌ಯುಎಂಎಲ್ ಬಳಸುವವರಿಗೆ ಇದನ್ನು ಪರೀಕ್ಷಿಸಲೆಂದೇ ‘ಟೆಸ್ಟ್‌ಡಾಟ್’ ಆಯ್ಕೆ ಇದೆ, ಮೊದಲು ಅದನ್ನು ಓಡಿಸಿ.

ಯಾವ ಭಾಷೆಗೆ ಯಾವ ಟೂಲ್? ಸಿ, ಸಿ++, ಜಾವಾ, ಪಿಎಚ್‌ಪಿ ಕಲಸುಮೇಲೋಗರವಾಗಿರುವ ಹಳೆಯ ಕೋಡ್ ಇದ್ದರೆ ಡಾಕ್ಸಿಜೆನ್‌ನಿಂದ ಶುರು ಮಾಡುವುದು ಒಳ್ಳೆಯದು. 1997ರಿಂದ ಬಳಕೆಯಲ್ಲಿರುವ ಟೂಲ್ ಅದು. ಮೈನಸ್ ಜಿ ಕೊಟ್ಟು ಓಡಿಸಿದರೆ ಡಾಕ್ಸಿಫೈಲ್ ಎಂಬ ಸೆಟ್ಟಿಂಗ್ ಕಡತ ತಯಾರಾಗುತ್ತದೆ. ಅದರಲ್ಲಿ ‘ಎಕ್ಸ್‌ಟ್ರಾಕ್ಟ್ ಆಲ್’, ‘ರಿಕರ್ಸಿವ್’, ‘ಹ್ಯಾವ್ ಡಾಟ್’ ಈ ಮೂರಕ್ಕೂ ಯೆಸ್ ಕೊಡಬೇಕು. ಮೊದಲನೆಯದನ್ನು ಬಿಟ್ಟರೆ, ಕಾಮೆಂಟ್ ಬರೆಯದ ಕ್ಲಾಸ್‌ಗಳು ಚಿತ್ರದಲ್ಲಿ ಬರುವುದೇ ಇಲ್ಲ, ಮತ್ತು ನಮ್ಮ ಹಳೆಯ ಕೋಡ್‌ಗಳಲ್ಲಿ ಕಾಮೆಂಟ್ ಇರುವುದೇ ಅಪರೂಪ. ‘ಕಾಲ್ ಗ್ರಾಫ್’ ಆಯ್ಕೆಯನ್ನು ಮೊದಲ ಸಲವೇ ಹಾಕಬೇಡಿ. ಪ್ರತಿ ಫಂಕ್ಷನ್‌ಗೂ ಒಂದೊಂದು ಚಿತ್ರ ಮಾಡುತ್ತಾ ಹೋಗುತ್ತದೆ, ದೊಡ್ಡ ಪ್ರಾಜೆಕ್ಟ್ ಆದರೆ ಗಂಟೆಗಟ್ಟಲೆ ಹಿಡಿಯಬಹುದು.

ಡಾಕ್ಸಿಜೆನ್‌ನಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ಮಿತಿ ಇದೆ. ಒಂದು ಚಿತ್ರದಲ್ಲಿ 50 ಪೆಟ್ಟಿಗೆಗಳಿಗಿಂತ ಹೆಚ್ಚಾದರೆ ಅದು ತಾನಾಗಿಯೇ ಕತ್ತರಿಸುತ್ತದೆ. ಕತ್ತರಿಸಿದ ಜಾಗದ ಪೆಟ್ಟಿಗೆಗೆ ಕೆಂಪು ಅಂಚು ಹಾಕಿರುತ್ತದೆ, ಇದರ ಸಂಬಂಧಗಳು ಇನ್ನೂ ಇವೆ, ತೋರಿಸಿಲ್ಲ ಎಂದು ಅದರ ಅರ್ಥ. ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆದಾಗ ಆ ಕೆಂಪು ಕಾಣುವುದಿಲ್ಲ, ಓದಿದವರು ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತಾರೆ. ಆ 50ನ್ನು 200ಕ್ಕೆ ಏರಿಸುವುದು ಪರಿಹಾರವಲ್ಲ. ಟೆಸ್ಟ್ ಫೋಲ್ಡರ್, ಹೊರಗಿನಿಂದ ತಂದ ಲೈಬ್ರರಿ, ತಾನಾಗಿ ಹುಟ್ಟಿದ ಕಡತಗಳನ್ನು ‘ಎಕ್ಸ್‌ಕ್ಲೂಡ್ ಪ್ಯಾಟರ್ನ್ಸ್’ ಸಾಲಿನಲ್ಲಿ ಹೊರಗಿಡುವುದು ಪರಿಹಾರ.

ಸಿ++ ಕೋಡ್‌ನಲ್ಲಿ ಮ್ಯಾಕ್ರೋ ಮತ್ತು ಟೆಂಪ್ಲೇಟ್ ತುಂಬಿದ್ದರೆ ಡಾಕ್ಸಿಜೆನ್ ಎಡವುತ್ತದೆ. ಅಲ್ಲಿ ಕ್ಲಾಂಗ್-ಯುಎಂಎಲ್ ಉತ್ತಮ, ಏಕೆಂದರೆ ಅದು ನಿಜವಾದ ಕಂಪೈಲರ್‌ನ ಕಣ್ಣಿನಿಂದಲೇ ಕೋಡ್ ಓದುತ್ತದೆ. ಅದಕ್ಕೆ ಪ್ರತಿ ಕಡತವನ್ನು ಹೇಗೆ ಕಂಪೈಲ್ ಮಾಡುತ್ತೀರಿ ಎಂಬ ಪಟ್ಟಿ ಬೇಕು. ಬಿಲ್ಡ್ ಮಾಡಲು ಸಿಮೇಕ್ ಬಳಸುತ್ತಿದ್ದರೆ ಒಂದು ಸೆಟ್ಟಿಂಗ್ ಹಾಕಿ ಆ ಪಟ್ಟಿಯನ್ನು ಪಡೆಯಬಹುದು. ಕಂಪೈಲ್ ಆಗದ ಕೋಡ್‌ಗೆ ಚಿತ್ರವೂ ಇಲ್ಲ.

ಜಾವಾ ಇದ್ದರೆ ಬೇರೆ ಏನನ್ನೂ ತರಬೇಕಿಲ್ಲ. ಜಾವಾ ಡೆವಲಪರ್‌ಗಳ ಕಿಟ್ ಆದ ಜೆಡಿಕೆ 8ರಿಂದೀಚೆಗೆ ಜೆಡೆಪ್ಸ್ ಎಂಬ ಟೂಲ್ ಜೊತೆಯಲ್ಲೇ ಬರುತ್ತದೆ, ಪ್ಯಾಕೇಜ್‌ಗಳ ನಡುವಿನ ಅವಲಂಬನೆಯನ್ನು ಡಾಟ್ ಕಡತವಾಗಿ ಕೊಡುತ್ತದೆ. ಅದು ಓದುವುದು ಸೋರ್ಸ್ ಕೋಡನ್ನಲ್ಲ, ಕಂಪೈಲ್ ಆದ ಕ್ಲಾಸ್ ಕಡತಗಳನ್ನು. ಹೀಗಾಗಿ ಒಂದು ಸಣ್ಣ ಬಲೆ ಇದೆ: ಒಂದು ಕ್ಲಾಸ್‌ನಲ್ಲಿ ಸ್ಥಿರ ಸಂಖ್ಯೆಗಳನ್ನು ಇಟ್ಟು ಬೇರೆಡೆ ಬಳಸಿದರೆ, ಕಂಪೈಲರ್ ಆ ಸಂಖ್ಯೆಯನ್ನೇ ನೇರವಾಗಿ ಅಲ್ಲಿ ಬರೆದುಬಿಡುತ್ತದೆ. ಸೋರ್ಸ್‌ನಲ್ಲಿರುವ ಸಂಬಂಧ ಚಿತ್ರದಲ್ಲಿ ಇರುವುದಿಲ್ಲ. ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್ ಬಳಸಿದ ಕೋಡ್‌ನಲ್ಲಿ ಇನ್ನೊಂದು ತರಹ: ಕಂಟ್ರೋಲರ್‌ನಿಂದ ಒಂದು ಬಾಣ ಇಂಟರ್‌ಫೇಸ್‌ಗೆ, ಅದನ್ನು ಅನುಷ್ಠಾನ ಮಾಡಿದ ಕ್ಲಾಸ್‌ನಿಂದ ಇನ್ನೊಂದು ಬಾಣ ಅದೇ ಇಂಟರ್‌ಫೇಸ್‌ಗೆ. ಎರಡನ್ನೂ ಜೋಡಿಸುವ ಕೆಲಸ ಪ್ರೋಗ್ರಾಂ ಓಡುವಾಗ ನಡೆಯುತ್ತದೆ. ಚಿತ್ರ ಸರಿಯಾಗಿಯೇ ಇದೆ, ಓದುವವರು ಆ ಇಂಟರ್‌ಫೇಸ್ ಪೆಟ್ಟಿಗೆಯ ಹತ್ತಿರ ನಿಂತು ಎರಡೂ ಕಡೆ ನೋಡಬೇಕು.

ಜಾವಾಸ್ಕ್ರಿಪ್ಟ್‌ಗೆ ಮ್ಯಾಜ್ ಮತ್ತು ಡಿಪೆಂಡೆನ್ಸಿ-ಕ್ರೂಸರ್ ಇವೆ. ಸುತ್ತು ಹೊಡೆಯುವ ಇಂಪೋರ್ಟ್‌ಗಳನ್ನು ಹುಡುಕಲು ಮ್ಯಾಜ್‌ನ ‘ಸರ್ಕ್ಯುಲರ್’ ಆಯ್ಕೆ ಒಂದೇ ಸಾಕು, ಚಿತ್ರವೂ ಬೇಕಿಲ್ಲ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಪಾಥ್‌ಗಳಿಗೆ ಅಡ್ಡಹೆಸರು ಇಟ್ಟಿದ್ದರೆ ಟಿಎಸ್‌ಕಾನ್ಫಿಗ್ ಕಡತವನ್ನು ಟೂಲ್‌ಗೆ ತೋರಿಸಬೇಕು. ಇಲ್ಲದಿದ್ದರೆ ಅರ್ಧ ಬಾಣಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

ಪೈಥಾನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಈಗ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚು ಬಳಕೆ ಅದರದ್ದೇ. ಕೋಡ್‌ನ ತಪ್ಪು ಹುಡುಕುವ ಪೈಲಿಂಟ್ ಹಾಕಿಕೊಂಡರೆ ಚಿತ್ರ ಬರೆಯುವ ಪೈರಿವರ್ಸ್ ಜೊತೆಗೇ ಬರುತ್ತದೆ. ಪ್ಯಾಕೇಜ್ ಹೆಸರು ಕೊಟ್ಟರೆ ಎರಡು ಕಡತ ಕೊಡುತ್ತದೆ, ಒಂದು ಕ್ಲಾಸ್‌ಗಳದ್ದು, ಇನ್ನೊಂದು ಪ್ಯಾಕೇಜ್‌ಗಳದ್ದು. ಚಿತ್ರವಾಗಿಯೂ ಕೊಡುತ್ತದೆ, ಪ್ಲಾಂಟ್‌ಯುಎಂಎಲ್ ಅಥವಾ ಅದರಂಥದ್ದೇ ಆದ ಮರ್ಮೇಡ್ ಪಠ್ಯವಾಗಿಯೂ ಕೊಡುತ್ತದೆ. ಪಠ್ಯವಾಗಿ ತೆಗೆದುಕೊಂಡರೆ ಬೇಡದ ಸಾಲುಗಳನ್ನು ಅಳಿಸಬಹುದು, ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್‌ನಲ್ಲಿ ಇಟ್ಟು ಮುಂದಿನ ತಿಂಗಳು ಹೋಲಿಸಬಹುದು. ಪ್ರಾಜೆಕ್ಟ್‌ನ ಬೇರು ಫೋಲ್ಡರ್‌ನಿಂದಲೇ ಓಡಿಸಬೇಕು, ಫೋಲ್ಡರ್‌ಗಳಲ್ಲಿ ‘ಇನಿಟ್’ ಕಡತ ಇರಬೇಕು, ಇಲ್ಲದಿದ್ದರೆ ಕೆಲವು ಮಾಡ್ಯೂಲ್‌ಗಳನ್ನು ಅದು ಕಾಣುವುದೇ ಇಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸಕ್ಕರೆ ಕಾರ್ಖಾನೆಯ ಕಬ್ಬು ತೂಕದ ಪ್ರೋಗ್ರಾಂ ಎಂದುಕೊಳ್ಳಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ಕಾಟಾದ ಮೇಲೆ ನಿಂತಾಗ ಒಟ್ಟು ತೂಕ, ಖಾಲಿಯಾಗಿ ಮರಳುವಾಗ ಖಾಲಿ ತೂಕ, ಎರಡರ ವ್ಯತ್ಯಾಸ ರೈತನ ಚೀಟಿಯಲ್ಲಿ. ಕೋಡ್‌ನಲ್ಲಿ ‘ತೂಕಚೀಟಿ’ ಎಂಬ ಕ್ಲಾಸ್ ಇದೆ, ಅದರ ಕನ್‌ಸ್ಟ್ರಕ್ಟರ್‌ಗೆ ‘ಕಾಟಾ’ ಎಂಬ ಪ್ಯಾರಾಮೀಟರ್ ಬರುತ್ತದೆ, ಅದನ್ನು ‘ಸೆಲ್ಫ್’ ಒಳಗೆ ಇಟ್ಟುಕೊಳ್ಳುತ್ತದೆ. ಪ್ಯಾರಾಮೀಟರ್‌ಗೆ ಟೈಪ್ ಬರೆದಿಲ್ಲದಿದ್ದರೆ ಪೈರಿವರ್ಸ್ ಕೊಡುವ ಚಿತ್ರದಲ್ಲಿ ತೂಕಚೀಟಿ ಪೆಟ್ಟಿಗೆ ಒಂಟಿಯಾಗಿ ನಿಂತಿರುತ್ತದೆ, ಕಾಟಾ ಪೆಟ್ಟಿಗೆ ಬೇರೆ ಮೂಲೆಯಲ್ಲಿ. ಬಂದ ವಸ್ತು ಯಾವ ಜಾತಿಯದೆಂದು ತಿಳಿಯಲು ಟೂಲ್‌ಗೆ ಯಾವ ಆಧಾರವೂ ಇಲ್ಲ. ಪ್ಯಾರಾಮೀಟರ್ ಪಕ್ಕದಲ್ಲಿ ಟೈಪ್ ಹೆಸರು ಬರೆದು ಮತ್ತೆ ಓಡಿಸಿ, ಬಾಣ ಮೂಡುತ್ತದೆ. ಟೈಪ್ ಸೂಚನೆಗಳಿಲ್ಲದ ಪೈಥಾನ್ ಕೋಡ್‌ನ ಕ್ಲಾಸ್ ಡಯಾಗ್ರಾಂ ಅರ್ಧಂಬರ್ಧ ಇರುವುದು ಹೀಗೆ.

ಬಾಣ ಮೂಡಿತು ಸರಿ, ಅದು ಯಾವ ಬಾಣ? ಇಂಥ ಚಿತ್ರಗಳ ಸಂಕೇತ ಪದ್ಧತಿಯಾದ ಯುಎಂಎಲ್‌ನಲ್ಲಿ ತುಂಬಿದ ವಜ್ರಾಕೃತಿ ಇದ್ದರೆ ಕಂಪೋಸಿಷನ್, ಒಡೆಯ ಹೋದರೆ ಒಳಗಿನದೂ ಹೋಗುತ್ತದೆ. ಖಾಲಿ ವಜ್ರಾಕೃತಿ ಇದ್ದರೆ ಅಗ್ರಿಗೇಷನ್, ಒಳಗಿನದಕ್ಕೆ ಸ್ವಂತ ಆಯುಷ್ಯ ಇದೆ. ಪೈರಿವರ್ಸ್‌ನ ಹೊಸ ಆವೃತ್ತಿಗಳು ಕ್ಲಾಸ್ ಒಳಗೇ ಸೃಷ್ಟಿಯಾದ ವಸ್ತುವನ್ನು ಮೊದಲನೆಯದೆಂದೂ, ಹೊರಗಿನಿಂದ ಬಂದದ್ದನ್ನು ಎರಡನೆಯದೆಂದೂ ಅಂದಾಜು ಮಾಡುತ್ತವೆ. ಅಂದಾಜು ಹಲವು ಸಲ ಸರಿ. ಆದರೆ ಚೀಟಿ ಹರಿದುಹಾಕಿದರೆ ಅದರಲ್ಲಿನ ತೂಕದ ದಾಖಲೆಯೂ ಅಳಿಯಬೇಕೇ ಎನ್ನುವುದು ಕಾರ್ಖಾನೆಯ ನಿಯಮ, ಕೋಡ್‌ನ ವ್ಯಾಕರಣದಲ್ಲಿ ಅದು ಇಲ್ಲ. ಒಂದಕ್ಕೆ ಎಷ್ಟು ಎಂಬ ಸಂಖ್ಯೆಯೂ ಹಾಗೆಯೇ. ಲಿಸ್ಟ್ ಕಂಡರೆ ಟೂಲ್ ಹೆಚ್ಚೆಂದರೆ ‘ಹಲವು’ ಎಂದು ಬರೆದೀತು, ಒಂದು ಟ್ರ್ಯಾಕ್ಟರ್‌ಗೆ ಎರಡೇ ಟ್ರೇಲರ್ ಎಂಬ ಮಿತಿ ಅದಕ್ಕೆ ತಿಳಿಯದು. ವೈವಾದಲ್ಲಿ ಇಂಥ ವಜ್ರದ ಬಗ್ಗೆ ಪ್ರಶ್ನೆ ಬಂದಾಗ ಟೂಲ್ ಹಾಕಿದ್ದು ಎಂಬ ಉತ್ತರ ಸಾಲದು. ಟೂಲ್ ಕೊಟ್ಟ ಪಠ್ಯವನ್ನು ತೆರೆದು, ಪ್ರತಿ ವಜ್ರವನ್ನೂ ನೋಡಿ, ನಿಮಗೆ ಸಮರ್ಥಿಸಲು ಆಗದ್ದನ್ನು ಸಾದಾ ಗೆರೆಯಾಗಿ ಬದಲಿಸಿ.

ಅದೇ ಪ್ರೋಗ್ರಾಂನಲ್ಲಿ ಇನ್ನೂ ದೊಡ್ಡ ಲೋಪ ಬೇರೆ ಕಡೆ ಇದೆ. ತೂಕದ ಭಾಗ ಚೀಟಿಯನ್ನು ಡೇಟಾಬೇಸ್‌ನ ಒಂದು ಟೇಬಲ್‌ಗೆ ಬರೆಯುತ್ತದೆ, ಬಿಲ್ಲಿಂಗ್ ಭಾಗ ಅದೇ ಟೇಬಲ್‌ನಿಂದ ಓದಿ ರೈತನ ಹಣ ಲೆಕ್ಕ ಹಾಕುತ್ತದೆ. ಒಂದು ಇನ್ನೊಂದನ್ನು ಇಂಪೋರ್ಟ್ ಮಾಡುವುದಿಲ್ಲ, ಕರೆಯುವುದೂ ಇಲ್ಲ. ಎರಡರ ನಡುವೆ ಇರುವುದು ಎಸ್‌ಕ್ಯುಎಲ್ ಸಾಲಿನೊಳಗಿನ ಒಂದು ಟೇಬಲ್ ಹೆಸರು, ಮತ್ತು ಅದು ಟೂಲ್‌ನ ದೃಷ್ಟಿಯಲ್ಲಿ ಬರೀ ಅಕ್ಷರಮಾಲೆ. ಇಡೀ ವ್ಯವಸ್ಥೆಯ ಅತಿ ಮುಖ್ಯ ಸಂಬಂಧಕ್ಕೆ ಚಿತ್ರದಲ್ಲಿ ಗೆರೆಯೇ ಇಲ್ಲ. ಟೇಬಲ್‌ನ ಒಂದು ಕಾಲಂ ಬದಲಿಸಿದರೆ ಬಿಲ್ ಕೆಡುತ್ತದೆ, ಚಿತ್ರ ನೋಡಿ ಬದಲಿಸಿದವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಇದಕ್ಕೆ ಡೇಟಾಬೇಸ್ ಕಡೆಯಿಂದಲೂ ಒಂದು ಚಿತ್ರ ತೆಗೆಯಬೇಕು. ಸ್ಕೀಮಾಸ್ಪೈ ಈ ಕೆಲಸಕ್ಕೆ ಒಳ್ಳೆಯದು. ಜಾವಾ ಮತ್ತು ಆಯಾ ಡೇಟಾಬೇಸ್‌ಗೆ ಅದನ್ನು ಜೋಡಿಸುವ ಜೆಡಿಬಿಸಿ ಡ್ರೈವರ್ ಇದ್ದರೆ ಟೇಬಲ್‌ಗಳನ್ನು ಓದಿ ಚಿತ್ರಗಳ ಸಮೇತ ವೆಬ್ ಪುಟಗಳನ್ನು ಮಾಡಿಕೊಡುತ್ತದೆ. ಓದಲು ಮಾತ್ರ ಅನುಮತಿ ಇರುವ ಯೂಸರ್‌ನಿಂದ, ಸಾಧ್ಯವಾದರೆ ಡೇಟಾಬೇಸ್‌ನ ಪ್ರತಿಯ ಮೇಲೆ ಓಡಿಸಿ, ಹಂಗಾಮು ನಡೆದಿರುವಾಗ ಮುಖ್ಯ ಸರ್ವರ್ ಮುಟ್ಟಬೇಡಿ. ಅದು ಗೆರೆ ಎಳೆಯುವುದು ಫಾರಿನ್ ಕೀ (ಒಂದು ಟೇಬಲ್‌ನ ಕಾಲಂ ಇನ್ನೊಂದರ ಕೀಗೆ ತಳುಕು ಹಾಕಿದ್ದು) ನೋಡಿ. ಹಳೆಯ ಡೇಟಾಬೇಸ್‌ಗಳಲ್ಲಿ ಫಾರಿನ್ ಕೀ ಹಾಕದೆಯೇ ಬಿಟ್ಟಿರುವುದು ಸಾಮಾನ್ಯ. ಆಗ ಕಾಲಂ ಹೆಸರು ಇನ್ನೊಂದು ಟೇಬಲ್‌ನ ಪ್ರೈಮರಿ ಕೀ ಹೆಸರಿಗೆ ಹೊಂದಿದರೆ ಅದನ್ನು ಸಂಭಾವ್ಯ ಸಂಬಂಧವೆಂದು ಬೇರೆಯಾಗಿ ಗುರುತಿಸುತ್ತದೆ. ರೈತರ ಟೇಬಲ್‌ನಲ್ಲಿ ಬರೀ ‘ಐಡಿ’, ಚೀಟಿ ಟೇಬಲ್‌ನಲ್ಲಿ ‘ರೈತ ಕೋಡ್’ ಎಂದಿದ್ದರೆ ಅದೂ ಸಿಗುವುದಿಲ್ಲ. ಅಂಥ ಗೆರೆಗಳನ್ನು ಕೈಯಿಂದಲೇ ಸೇರಿಸಬೇಕು.

ಈಗ ಪೆನ್ಸಿಲ್ ಹಾಳೆಗೆ ಬರೋಣ. ಸಾಫ್ಟ್‌ವೇರ್ ಸಂಶೋಧಕರಾದ ಮರ್ಫಿ, ನಾಟ್‌ಕಿನ್ ಮತ್ತು ಸಲಿವನ್ 1995ರಲ್ಲಿ ರಿಫ್ಲೆಕ್ಷನ್ ಮಾಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು, ಈ ಕೆಲಸಕ್ಕೆ ಅದಕ್ಕಿಂತ ಸರಳವಾದ ದಾರಿ ನನಗೆ ಕಂಡಿಲ್ಲ. ಹಾಳೆಯ ಮೇಲೆ ನಿಮ್ಮ ಪೆಟ್ಟಿಗೆಗಳನ್ನು ಬರೆಯಿರಿ: ಕಾಟಾ, ಚೀಟಿ, ರೈತ, ಸಾಗಣೆ, ಬಿಲ್, ಬ್ಯಾಂಕ್ ಪಾವತಿ. ಯಾವುದು ಯಾವುದನ್ನು ಕರೆಯಬೇಕೆಂದು ಬಾಣ ಹಾಕಿ. ನಂತರ ಕೋಡ್‌ನ ಯಾವ ಫೋಲ್ಡರ್ ಅಥವಾ ಕಡತ ಯಾವ ಪೆಟ್ಟಿಗೆಗೆ ಸೇರಿದ್ದೆಂದು ಪಟ್ಟಿ ಮಾಡಿ. ಎಲ್ಲಿಯೂ ಸೇರದ ಕಡತಗಳು ಸಿಗುತ್ತವೆ, ‘ಯುಟಿಲ್ಸ್’, ‘ಕಾಮನ್’ ಎಂಬ ಹೆಸರಿನವು. ಅವನ್ನು ಸದ್ಯಕ್ಕೆ ಬೇರೆ ಪೆಟ್ಟಿಗೆಯಲ್ಲಿಡಿ. ಆಮೇಲೆ ಟೂಲ್ ಓಡಿಸಿ, ಬಂದ ಬಾಣಗಳನ್ನು ಈ ಪಟ್ಟಿಯಂತೆ ಪೆಟ್ಟಿಗೆಗಳ ಮಟ್ಟಕ್ಕೆ ಒಟ್ಟುಗೂಡಿಸಿ. ಡಾಟ್ ಪಠ್ಯ ಇದ್ದರೆ ಮೂವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಇದು ಆಗುವ ಕೆಲಸ.

ಬಾಣಗಳು ಮೂರು ಗುಂಪಾಗುತ್ತವೆ. ಹಾಳೆಯಲ್ಲೂ ಕೋಡ್‌ನಲ್ಲೂ ಇರುವವು, ಅವನ್ನು ಬಿಟ್ಟುಬಿಡಿ. ಕೋಡ್‌ನಲ್ಲಿ ಮಾತ್ರ ಇರುವವು, ಉದಾಹರಣೆಗೆ ಕಾಟಾದಿಂದ ನೇರವಾಗಿ ಬ್ಯಾಂಕ್ ಪಾವತಿಗೆ ಒಂದು ಬಾಣ. ಇಂಥದ್ದನ್ನು ಕಡತ, ಸಾಲು ಸಮೇತ ತೆರೆದು ನೋಡಲೇಬೇಕು. ದಿನಾಂಕ ಬರೆಯುವ ಒಂದು ಸಣ್ಣ ಫಂಕ್ಷನ್ ತಪ್ಪು ಜಾಗದಲ್ಲಿ ಕುಳಿತದ್ದು ಕಾರಣವಾಗಿದ್ದರೆ ಸರಿಸಿದರೆ ಮುಗಿಯಿತು. ನಿಜವಾಗಿಯೂ ತೂಕದ ಕೋಡ್ ಪಾವತಿಯನ್ನು ಮುಟ್ಟುತ್ತಿದ್ದರೆ ಅದು ಬೇರೆಯೇ ಮಾತು. ಮೂರನೆಯದು ಹಾಳೆಯಲ್ಲಿದ್ದು ಕೋಡ್‌ನಲ್ಲಿ ಕಾಣದವು. ಇಲ್ಲಿ ಎರಡು ಸಾಧ್ಯತೆ: ಆ ಕೆಲಸವನ್ನು ಯಾರೂ ಬರೆದೇ ಇಲ್ಲ, ಅಥವಾ ಸಂಬಂಧ ಡೇಟಾಬೇಸ್, ಕಾನ್ಫಿಗ್ ಕಡತ, ಸರ್ವರ್‌ಗಳ ನಡುವಿನ ಕರೆ ಇಂಥ ದಾರಿಯಲ್ಲಿ ಹೋಗಿದೆ. ಚೀಟಿಯಿಂದ ಬಿಲ್‌ಗೆ ಹೋಗುವ ಬಾಣ ಈ ಗುಂಪಿನಲ್ಲೇ ಸಿಗುತ್ತದೆ. ಪೆನ್ಸಿಲ್ ಹಾಳೆ ಇಲ್ಲದೆ ಇದು ಎಂದೂ ಗೊತ್ತಾಗದು, ಏಕೆಂದರೆ ಇಲ್ಲದ ಗೆರೆಯನ್ನು ಯಾರೂ ನೋಡಲಾರರು.

ಪ್ರಶ್ನೆ ಇನ್ನೂ ಚಿಕ್ಕದಾಗಿದ್ದರೆ ಚಿತ್ರವೂ ಚಿಕ್ಕದಾಗುತ್ತದೆ. ಕಬ್ಬು ನಿಯಂತ್ರಣ ಆದೇಶ 1966ರ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಈ ಬಡ್ಡಿ ಲೆಕ್ಕ ಹಾಕುವ ಫಂಕ್ಷನ್ನನ್ನು ಯಾರು ಯಾರು ಕರೆಯುತ್ತಾರೆ ಎಂದು ಕೇಳಿದರೆ ಡಾಕ್ಸಿಜೆನ್‌ನ ‘ಕಾಲರ್ ಗ್ರಾಫ್’ ಐದಾರು ಪೆಟ್ಟಿಗೆಯಲ್ಲಿ ಉತ್ತರ ಕೊಡುತ್ತದೆ. ಆದರೆ ಯಾರೋ 14 ಮತ್ತು 15ನ್ನು ಮೂರು ಕಡೆ ನೇರವಾಗಿ ಟೈಪ್ ಮಾಡಿಟ್ಟಿದ್ದರೆ ಯಾವ ಡಯಾಗ್ರಾಂ ಕೂಡ ತೋರಿಸುವುದಿಲ್ಲ. ಆಗ ಬೇಕಾದದ್ದು ಸಾದಾ ಹುಡುಕಾಟ.

ಯಾವ ಕರೆ ಯಾವುದರ ನಂತರ ಎಂದು ತೋರಿಸುವ ಸೀಕ್ವೆನ್ಸ್ ಡಯಾಗ್ರಾಂ ಮಾತ್ರ ಕೋಡ್ ಓದಿ ಮಾಡುವುದಲ್ಲ, ಓಡಿಸಿ ಮಾಡುವುದು. ಓದಿ ಮಾಡಿದರೆ ಪ್ರತಿ ‘ಇಫ್’ನ ಎರಡೂ ದಾರಿ, ಪ್ರತಿ ಇಂಟರ್‌ಫೇಸ್‌ನ ಎಲ್ಲ ಅನುಷ್ಠಾನಗಳು ಸೇರಿ, ಎಂದೂ ನಡೆಯದ ಕಥೆ ಬರುತ್ತದೆ. ಒಂದೇ ಒಂದು ಘಟನೆ ಆರಿಸಿಕೊಳ್ಳಿ: ಟ್ರ್ಯಾಕ್ಟರ್ ಬಂತು, ತೂಕವಾಯಿತು, ಚೀಟಿ ಬಂತು. ಪೈಥಾನ್‌ನಲ್ಲಿ ಸಿಸ್ ಮಾಡ್ಯೂಲ್‌ನ ‘ಸೆಟ್‌ಪ್ರೊಫೈಲ್’ಗೆ ನಿಮ್ಮ ಫಂಕ್ಷನ್ ಕೊಟ್ಟರೆ ಪ್ರತಿ ಕರೆ, ಪ್ರತಿ ಮರಳುವಿಕೆಯೂ ಅಲ್ಲಿಗೆ ವರದಿಯಾಗುತ್ತದೆ. ಕಡತದ ಪಾಥ್ ನೋಡಿ ನಿಮ್ಮ ಪ್ರಾಜೆಕ್ಟ್‌ನವನ್ನು ಮಾತ್ರ ಉಳಿಸಿ, ಒಂದೊಂದನ್ನೂ ಪ್ಲಾಂಟ್‌ಯುಎಂಎಲ್‌ನ ಒಂದು ಸಾಲಾಗಿ ಬರೆಯಿರಿ. ಲೂಪ್ ಒಳಗಿನ ಒಂದೇ ಕರೆ ನೂರಾರು ಸಲ ಬರುತ್ತದೆ, ಸತತವಾಗಿ ಬಂದ ಒಂದೇ ಸಾಲನ್ನು ಒಂದು ಮಾಡಿ ‘ಲೂಪ್’ ಚೌಕಟ್ಟು ಹಾಕಿ. ಸೆಟ್‌ಪ್ರೊಫೈಲ್ ಒಂದು ಥ್ರೆಡ್‌ಗೆ (ಪ್ರೋಗ್ರಾಂನಲ್ಲಿ ಏಕಕಾಲಕ್ಕೆ ಓಡುವ ಎಳೆಗಳಲ್ಲಿ ಒಂದಕ್ಕೆ) ಮಾತ್ರ ಅನ್ವಯ. ಕಾಟಾದ ಸೀರಿಯಲ್ ಪೋರ್ಟ್ ಓದುವ ಕೋಡ್ ಬೇರೆ ಥ್ರೆಡ್‌ನಲ್ಲಿದ್ದರೆ ಥ್ರೆಡಿಂಗ್ ಮಾಡ್ಯೂಲ್‌ನಲ್ಲಿರುವ ಅದೇ ಹೆಸರಿನದನ್ನೂ ಕರೆಯಬೇಕು. 25 ಬಾಣಗಳಿಗಿಂತ ಹೆಚ್ಚಾದರೆ ಘಟನೆಯನ್ನು ಎರಡಾಗಿ ಮುರಿಯಿರಿ.

ಎಐ ಸಹಾಯಕಗಳಿಗೆ ಕೋಡ್ ಕೊಟ್ಟು ಮರ್ಮೇಡ್ ಚಿತ್ರ ಬರೆಸುವುದು ಈಗ ಹೆಚ್ಚುತ್ತಿದೆ. ಹೆಸರುಗಳನ್ನು ಅರ್ಥ ಮಾಡಿಕೊಂಡು ಚೊಕ್ಕವಾದ ಗುಂಪು ಮಾಡಿಕೊಡುವುದರಲ್ಲಿ ಅವು ಮುಂದು. ಆದರೆ ಇರಬೇಕಾಗಿತ್ತು ಅನಿಸುವ ಬಾಣವನ್ನೂ ಅವು ಹಾಕಬಲ್ಲವು, ಮತ್ತು ಆ ಬಾಣ ನಿಜವಾದದ್ದರಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ. ಜೆಡೆಪ್ಸ್ ಅಥವಾ ಪೈರಿವರ್ಸ್‌ನ ಪಠ್ಯದ ಜೊತೆ ಒಂದೊಂದು ಬಾಣವನ್ನೂ ತಾಳೆ ನೋಡದೆ ರಿಪೋರ್ಟ್‌ಗೆ ಹಾಕಬೇಡಿ. ಪತ್ತಿನ ಸಂಘದ ಗ್ರಾಹಕರ ಲೆಕ್ಕದ ಕೋಡನ್ನು ಹೊರಗಿನ ಸೇವೆಗೆ ಕಳಿಸುವ ಮೊದಲು ಅನುಮತಿ ಕೇಳಿ.

ಪ್ರಿಂಟ್ ವಿಷಯ. ಎ4 ಹಾಳೆ 210 ಮಿ.ಮೀ. ಅಗಲ, ಎರಡೂ ಕಡೆ ಅಂಚು ಬಿಟ್ಟು 160ರಷ್ಟು ಉಳಿಯುತ್ತದೆ. ಹೆಸರು ಮಾತ್ರ ಇರುವ ಪೆಟ್ಟಿಗೆ ಓದಲು ಬರುವ ಅಕ್ಷರದಲ್ಲಿ 35 ಮಿ.ಮೀ. ಆದರೂ ಬೇಕು, ಅಂದರೆ ಸಾಲಿಗೆ ನಾಲ್ಕು, ಹಾಳೆಗೆ ಹದಿನೈದು ಇಪ್ಪತ್ತು. ಅದಕ್ಕಿಂತ ಹೆಚ್ಚಿದ್ದರೆ ಚಿತ್ರವನ್ನು ಹರಿದು ಎರಡು ಮಾಡಬೇಕು. ಪಿಎನ್‌ಜಿ ಬದಲು ಎಸ್‌ವಿಜಿ ಅಥವಾ ಪಿಡಿಎಫ್ ತೆಗೆಯಿರಿ. ಪ್ಲಾಂಟ್‌ಯುಎಂಎಲ್‌ನ ಪಿಎನ್‌ಜಿ 4096 ಪಿಕ್ಸೆಲ್ ದಾಟಿದರೆ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ, ಬೇಕಿದ್ದರೆ ಆ ಮಿತಿಯನ್ನು ಏರಿಸುವ ಸೆಟ್ಟಿಂಗ್ ಇದೆ. ಪೆಟ್ಟಿಗೆಗಳಲ್ಲಿ ಕನ್ನಡ ಬರೆಯುವುದಾದರೆ ಕಡತವನ್ನು ಯುಟಿಎಫ್-8ನಲ್ಲಿ ಉಳಿಸಿ, ಪ್ಲಾಂಟ್‌ಯುಎಂಎಲ್‌ಗೆ ‘ಚಾರ್‌ಸೆಟ್’ ಆಯ್ಕೆಯಲ್ಲಿ ಅದನ್ನೇ ಹೇಳಿ, ಫಾಂಟ್ ಹೆಸರನ್ನು ನೋಟೋ ಸಾನ್ಸ್ ಕನ್ನಡ ಎಂದು ಸ್ಪಷ್ಟವಾಗಿ ಕೊಡಿ. ಎಸ್‌ವಿಜಿಯ ಒಳಗೆ ಫಾಂಟ್ ಇರುವುದಿಲ್ಲ, ಹೆಸರಷ್ಟೇ ಇರುತ್ತದೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೆ ಅಕ್ಷರ ಬಂದು ಪದಗಳು ಪೆಟ್ಟಿಗೆಯಿಂದ ಹೊರಬೀಳುತ್ತವೆ, ಹಾಗಾಗಿ ಅಲ್ಲಿಗೆ ಪಿಡಿಎಫ್ ಒಯ್ಯುವುದೇ ಸರಿ. ಚಿತ್ರದ ಕೆಳಗೆ ಟೂಲ್ ಹೆಸರು, ಆವೃತ್ತಿ, ಗಿಟ್ ಕಮಿಟ್ ಸಂಖ್ಯೆ, ಏನೇನು ಹೊರಗಿಟ್ಟಿದ್ದೀರಿ ಎನ್ನುವುದು ಒಂದು ಸಾಲಿನಲ್ಲಿ ಇರಲಿ.

ಓಡುತ್ತಿರುವ ಪ್ರಾಜೆಕ್ಟ್ ಆದರೆ ಪೆನ್ಸಿಲ್ ಹಾಳೆಯನ್ನು ಕಡತಕ್ಕೆ ಏರಿಸಿ ಯಂತ್ರದಿಂದಲೇ ಹೋಲಿಸುವಂತೆ ಮಾಡಬಹುದು. ಜಾವಾದಲ್ಲಿ ಆರ್ಕ್‌ಯುನಿಟ್ ಎಂಬ ಟೆಸ್ಟ್ ಲೈಬ್ರರಿಗೆ ಒಂದು ಪ್ಲಾಂಟ್‌ಯುಎಂಎಲ್ ಕಾಂಪೊನೆಂಟ್ ಡಯಾಗ್ರಾಂ ಕೊಟ್ಟರೆ, ಅದರಲ್ಲಿಲ್ಲದ ಬಾಣ ಕೋಡ್‌ನಲ್ಲಿ ಸಿಕ್ಕ ಕೂಡಲೇ ಟೆಸ್ಟ್ ಫೇಲ್ ಆಗುತ್ತದೆ. ಪೈಥಾನ್‌ಗೆ ಇಂಪೋರ್ಟ್-ಲಿಂಟರ್, ಜಾವಾಸ್ಕ್ರಿಪ್ಟ್‌ಗೆ ಡಿಪೆಂಡೆನ್ಸಿ-ಕ್ರೂಸರ್‌ನ ನಿಯಮಗಳು ಇದೇ ಕೆಲಸ ಮಾಡುತ್ತವೆ. ಹಳೆಯ ಕೋಡ್‌ಗೆ ಮೊದಲ ದಿನ ಇದನ್ನು ಹಾಕಿದರೆ ನೂರಾರು ತಪ್ಪು ಬರುವುದು ಸಹಜ, ಅದನ್ನು ಕಂಡು ಇಡೀ ಟೆಸ್ಟನ್ನೇ ಆಫ್ ಮಾಡುವವರಿದ್ದಾರೆ. ಹಾಗೆ ಮಾಡದೆ, ಆರ್ಕ್‌ಯುನಿಟ್‌ನ ‘ಫ್ರೀಜ್’ ಸೌಲಭ್ಯದಿಂದ ಇಂದಿನ ತಪ್ಪುಗಳನ್ನು ಪಟ್ಟಿಯಾಗಿ ಉಳಿಸಿಡಿ. ಪಟ್ಟಿಯಲ್ಲಿರುವುದಕ್ಕೆ ಬಿಲ್ಡ್ ನಿಲ್ಲುವುದಿಲ್ಲ, ಹೊಸದೊಂದು ಸೇರಿದರೆ ನಿಲ್ಲುತ್ತದೆ, ಹಳೆಯದೊಂದನ್ನು ಸರಿಪಡಿಸಿದರೆ ಪಟ್ಟಿಯಿಂದ ತಾನಾಗಿ ಇಳಿಯುತ್ತದೆ. ಆ ಪಟ್ಟಿಯ ಕಡತವನ್ನೂ ಕೋಡ್ ಜೊತೆ ಗಿಟ್‌ಗೆ ಸೇರಿಸುವುದನ್ನು ಮರೆಯಬೇಡಿ.